ಸಹಾಯ ಬೇಕು: ಇನ್ಸುಲೇಟರ್‌ನಲ್ಲೂ ಎಲೆಕ್ಟ್ರಾನ್ ಜೋಡಿ?

ಫಿಸಿಕ್ಸ್ ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್, ಎಂಎಸ್ಸಿ ಸೆಮಿನಾರ್‌ಗೆ ಇದೇ ಟಾಪಿಕ್ ತಗೊಂಡಿದೀನಿ. 2007ರಲ್ಲಿ ಬ್ರೌನ್ ಯೂನಿವರ್ಸಿಟಿಯವರು ನ್ಯಾನೋ ತೂತುಗಳಿರೋ ತೆಳು ಬಿಸ್ಮತ್ ಫಿಲ್ಮ್ ಇನ್ಸುಲೇಟರ್ ಆಗಿದ್ದಾಗ್ಲೂ ಮ್ಯಾಗ್ನೆಟಿಕ್ ಫೀಲ್ಡ್ ಹೆಚ್ಚಿಸ್ತಾ ಹೋದ್ರೆ ರೆಸಿಸ್ಟೆನ್ಸ್ ಏರಿಳಿಯೋದು ನೋಡಿದ್ರು, ಪೀರಿಯಡ್ ಒಂದು ತೂತಿಗೆ ಎಚ್ ಬೈ 2ಇ ಫ್ಲಕ್ಸ್ (ಎಚ್ ಪ್ಲಾಂಕ್ ಸ್ಥಿರಾಂಕ, ಇ ಒಂದು ಎಲೆಕ್ಟ್ರಾನಿನ ಚಾರ್ಜ್). ಅಲ್ಲಿ 2ಇ ಇದೆ ಅಂದ್ರೆ ಚಾರ್ಜ್ ಹೊತ್ತಿರೋದು ಕೂಪರ್ ಜೋಡಿನೇ, ಅಂದ್ರೆ ಜೊತೆಯಾದ ಎರಡು ಎಲೆಕ್ಟ್ರಾನ್! ಜೋಡಿ ಇದೆ, ಆದ್ರೆ ಎಲ್ಲದರ ಫೇಸ್ (ಕ್ವಾಂಟಂ ಅಲೆಯ ಏರಿಳಿತದ ತಾಳ) ಒಂದಾಗಿಲ್ಲ, ಅದಕ್ಕೆ ಸೂಪರ್‌ಕಂಡಕ್ಟರ್ (ರೆಸಿಸ್ಟೆನ್ಸ್ ಇಲ್ಲದೆ ಕರೆಂಟ್ ಹರಿಸೋ ವಸ್ತು) ಆಗಿಲ್ಲ, ಇಷ್ಟು ಅರ್ಥ ಆಯ್ತು, ನಿಜಕ್ಕೂ ತುಂಬಾ ಚೆಂದ ಅನ್ಸುತ್ತೆ. ಆಮೇಲೆ 2024ರಲ್ಲಿ ಸ್ಟ್ಯಾನ್‌ಫರ್ಡ್ ಕಡೆಯವರು ನಿಯೋಡೈಮಿಯಂ ಸೀರಿಯಂ ಕಾಪರ್ ಆಕ್ಸೈಡಲ್ಲಿ ಜೋಡಿಯ ಗ್ಯಾಪ್ (ಜೋಡಿ ಒಡೆಯೋಕೆ ಬೇಕಾದ ಎನರ್ಜಿ) 140 ಕೆಲ್ವಿನ್‌ವರೆಗೂ ಕಂಡ್ರು, ರೆಸಿಸ್ಟೆನ್ಸ್ ಸೊನ್ನೆ ಆಗೋದು ಮಾತ್ರ 25 ಕೆಲ್ವಿನ್ ಆಸುಪಾಸಲ್ಲಿ. ನನ್ನ ಪ್ರಶ್ನೆ, ಆ ಗ್ಯಾಪ್ ಜೋಡಿದೇ, ಆಂಟಿಫೆರೋಮ್ಯಾಗ್ನೆಟಿಸಂದಲ್ಲ (ಅಕ್ಕಪಕ್ಕದ ಸ್ಪಿನ್‌ಗಳು ಎದುರುಬದುರಾಗಿ ನಿಲ್ಲೋದು) ಅಂತ ಹೇಗೆ ಬೇರೆ ಮಾಡ್ತಾರೆ? ಫೋಟೋಎಮಿಷನ್ (ಬೆಳಕು ಹಾಯಿಸಿ ಹೊರಬರೋ ಎಲೆಕ್ಟ್ರಾನ್ ಅಳೆಯೋ ವಿಧಾನ) ಡೇಟಾ ಓದೋಕೆ ಬರೋರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.