ಗೆಳತಿ ಜೊತೆ ಕೊರಿಯಾ: ಪ್ಯಾಕೇಜಾ, ನಾವೇ ಹೋಗೋದಾ? ಹೋಗಿ ಬಂದವರು ಹೇಳಿ

ಶಿವಮೊಗ್ಗದ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗೆಳತಿಯೂ ಏಪ್ರಿಲ್ ಮಧ್ಯದಲ್ಲಿ ಕೊರಿಯಾ ನೋಡಲು ಹೊರಟಿದ್ದೇವೆ. ಇಬ್ಬರಿಗೂ ಇದೇ ಮೊದಲ ಫಾರಿನ್ ಟ್ರಿಪ್. ತಲಾ ಒಂದೂವರೆ ಲಕ್ಷ ದಾಟಬಾರದು. ಅವಳು ಪಕ್ಕಾ ವೆಜ್, ಮೊಟ್ಟೆಯೂ ಮುಟ್ಟಲ್ಲ. ಪ್ಯಾಕೇಜ್ ತಗೊಳ್ಳೋದಾ, ನಾವೇ ಪ್ಲ್ಯಾನ್ ಮಾಡೋದಾ? ಸಿಯೋಲ್ ಒಂದೇ ಸಾಕಾ, ದಕ್ಷಿಣದ ಬುಸಾನ್ ಕಡೆಗೂ ಹೋಗಬೇಕಾ?

ವಿಜಯನಗರದವನು
ನೀವೇ ಮಾಡಿಕೊಳ್ಳಿ, ಎರಡನೇ ಮಾತಿಲ್ಲ. ಆದ್ರೆ ವೀಸಾ ಕೈಗೆ ಬರುವ ತನಕ ಒಂದು ರೂಪಾಯಿಯೂ ಕಟ್ಟಬೇಡಿ. ನಾನೂ ಗೆಳೆಯನೂ ಒಂದೇ ದಿನ ಅರ್ಜಿ ಹಾಕಿದೆವು. ಒಂದೇ ಕಂಪನಿ, ಹೆಚ್ಚುಕಮ್ಮಿ ಒಂದೇ ಸಂಬಳ. ನನಗೆ ಬಂತು, ಅವನಿಗೆ ಬರಲಿಲ್ಲ. ಅರ್ಜಿಗೆ ಸ್ವಲ್ಪ ಮುಂಚೆ ಅವನ ಅಕೌಂಟಿಗೆ ಅವರಪ್ಪ ಎರಡು ಲಕ್ಷ ಹಾಕಿದ್ದರು, ಅದಕ್ಕೇ ಇರಬೇಕು ಅಂತ ನನ್ನ ಅನುಮಾನ. ವೀಸಾ ಫೀ ಹೋಯಿತು, ಸರ್ವಿಸ್ ಚಾರ್ಜ್ ಹೋಯಿತು, 36,400 ರೂಪಾಯಿ ಟಿಕೆಟ್ ಪೂರ್ತಿ ಮುಳುಗಿತು. ಇಬ್ಬರಿಗೆ ಅಂತ ಹಿಡಿದ ರೂಮು ರಾತ್ರಿಗೆ 62,000 ವಾನ್ (ಅಲ್ಲಿನ ದುಡ್ಡು). ಅದೂ ನನ್ನೊಬ್ಬನ ತಲೆ ಮೇಲೇ ಬಂತು.

ಮಾಂಸ ಸುಟ್ಟು ತಿನ್ನುವ ಹೋಟೆಲ್‌ಗಳಲ್ಲಿ ಕನಿಷ್ಠ ಎರಡು ಪ್ಲೇಟ್ ಹೇಳಬೇಕು. ಒಬ್ಬನೇ ಅಂದರೆ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾರೆ. ಹಾಗಿದ್ದೂ ಊರೆಲ್ಲ ಸುತ್ತಿದೆ. ಇಂಚಾನ್ ಏರ್‌ಪೋರ್ಟಿಂದ ಎಕ್ಸ್‌ಪ್ರೆಸ್ ರೈಲು ಸಿಯೋಲ್ ಸ್ಟೇಷನ್‌ಗೆ 43 ನಿಮಿಷ, ಎಲ್ಲ ಕಡೆ ನಿಲ್ಲುವ ರೈಲು ಒಂದು ಗಂಟೆ. ಆ ಹದಿನೈದು ನಿಮಿಷಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಸಿಯೋಲ್‌ನ ಹೊಂಗ್‌ಡೆ ಏರಿಯಾದಲ್ಲಿ ಉಳಿಯುವವರಿಗಂತೂ ನಿಲ್ಲುವ ರೈಲೇ ಸರಿ, ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುವುದೇ ಇಲ್ಲ. ಗೂಗಲ್ ಮ್ಯಾಪ್ ನಂಬಬೇಡಿ, ನಾನು ಹೋದಾಗ ನಡೆಯುವ ದಾರಿ ತೋರಿಸುತ್ತಲೇ ಇರಲಿಲ್ಲ. ಕೊರಿಯಾದವರದೇ ಆ್ಯಪ್ ನೇವರ್ ಮ್ಯಾಪ್ ಹಾಕಿಕೊಳ್ಳಿ.

ಜಯನಗರ ಗೃಹಿಣಿ
ಮೇಲಿನವರು ಬರೆದದ್ದು ಓದಿ ಬೇಜಾರಾಯಿತು. ಒಬ್ಬನೇ ಹೋಟೆಲ್ ಬಾಗಿಲಲ್ಲಿ ನಿಂತು ವಾಪಸ್ ಬರುವುದು ಯಾವ ಸುಖ? ನಾನು ಅತ್ತೆಯವರನ್ನು ಕರೆದುಕೊಂಡು ಪ್ಯಾಕೇಜ್‌ನಲ್ಲಿ ಹೋಗಿದ್ದೆ. ತಲಾ 1,68,000 ಆಯಿತು, ಟಿಪ್ಸ್ ಬೇರೆ. ದಿನಾ ರಾತ್ರಿ ಅನ್ನ, ದಾಲ್, ಚಪಾತಿ. ಅತ್ತೆಗೆ ಮಂಡಿನೋವು, ಬಸ್ಸು ಬಾಗಿಲ ತನಕ ಬರುತ್ತಿತ್ತು. ವೀಸಾ ಕಾಗದ ಎಲ್ಲ ಅವರೇ ಜೋಡಿಸಿದರು. ಜಿನ್ಸೆಂಗ್ ಅಂಗಡಿ, ಕಾಸ್ಮೆಟಿಕ್ ಅಂಗಡಿ ಅಂತ ಎರಡು ಬೆಳಗ್ಗೆ ಹೋಯಿತು, ಅದು ನಿಜ. ಅರಮನೆಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಅಷ್ಟಕ್ಕೆ ಪ್ಯಾಕೇಜ್ ಕೆಟ್ಟದ್ದು ಅನ್ನುವುದು ಸರಿಯಲ್ಲ.

ವಿಜಯನಗರದವನು
ಮೇಡಂ, ಗ್ಯೋಂಗ್‌ಬೊಕ್‌ಗುಂಗ್ 1395ರಲ್ಲಿ ಕಟ್ಟಿದ ಅರಮನೆ. ಅದಕ್ಕೆ ಮುಕ್ಕಾಲು ಗಂಟೆ, ಜಿನ್ಸೆಂಗ್ ಅಂಗಡಿಗೆ ಅರ್ಧ ದಿನ. ಇದಕ್ಕೆ 1,68,000 ಕೊಟ್ಟು ಇಪ್ಪತ್ಮೂರರ ಹುಡುಗಿಯರು ಹೋಗಬೇಕಾ? ಟಿಕೆಟ್ ಬರೀ 3,000 ವಾನ್. ಅವರ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಹಾಕಿಕೊಂಡು ಹೋದರೆ ಅದೂ ಇಲ್ಲ, ಒಳಗೆ ಫ್ರೀ.

ಜಯನಗರ ಗೃಹಿಣಿ
ವಯಸ್ಸಿನ ಮಾತು ಎತ್ತಬೇಡಿ. ನನ್ನ ಅತ್ತೆ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದ್ದು. ನಾನು ಏನು ಕೊಟ್ಟೆ, ಏನು ಪಡೆದೆ ಅನ್ನುವುದು ನನಗೆ ಗೊತ್ತು. ಅವರ ವಯಸ್ಸು ಕೇಳಿಲ್ಲ, ನೀವೇ ಇಪ್ಪತ್ಮೂರು ಅಂತ ಊಹೆ ಮಾಡಿಕೊಂಡಿರಿ.

ಉಡುಪಿ ಅಕ್ಕ
ವೆಜ್ ವಿಷಯಕ್ಕೆ ಯಾರೂ ಬರಲಿಲ್ಲ, ಅಲ್ವಾ? ನಮ್ಮದು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದ ಮನೆ. ಕಿಮ್ಚಿ ಬರೀ ಎಲೆಕೋಸು ಅಂತ ತಿನ್ನಬೇಡಿ, ಅದರಲ್ಲಿ ಉಪ್ಪು ಹಾಕಿದ ಸಿಗಡಿ ಇಲ್ಲವೇ ಮೀನಿನ ಸಾಸ್ ಇರುತ್ತದೆ. ತರಕಾರಿ ಸೂಪ್ ಅಂದರೂ ತಳದಲ್ಲಿ ಒಣಮೀನು ಕುದಿಸಿದ ನೀರು. ಬಿಬಿಂಬಾಪ್‌ಗೆ (ತರಕಾರಿ ಹಾಕಿ ಕಲಸುವ ಅನ್ನ) ಮೊಟ್ಟೆ ಬೇಡ, ಮಾಂಸ ಬೇಡ ಅಂತ ಫೋನಿನಲ್ಲಿ ಕೊರಿಯನ್‌ನಲ್ಲಿ ಬರೆದು ತೋರಿಸುತ್ತಿದ್ದೆ. ಒಂದು ಕಡೆ ಮುದುಕಿಯೊಬ್ಬರು ತಲೆಯಾಡಿಸಿ ಒಳಗೆ ಹೋದರು, ಬಟ್ಟಲು ತಂದು ಇಟ್ಟರು. ಮೊಟ್ಟೆ ಇರಲಿಲ್ಲ. ಸೊಪ್ಪಿನ ಕೆಳಗೆ ಕೆಂಪು ಖಾರದ ಜೊತೆ ಬೀಫ್ ಚೂರು ಬೆರೆತಿತ್ತು. ಚಮಚ ಕೆಳಗಿಟ್ಟೆ, 11,000 ವಾನ್ ಕೊಟ್ಟು ಎದ್ದೆ. ಆ ರಾತ್ರಿ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ ಊರಿಂದ ತಂದ ಅವಲಕ್ಕಿಗೆ ಸುರಿದುಕೊಂಡು ತಿಂದೆ.

ನಿಜವಾಗಿ ಹೊಟ್ಟೆ ತುಂಬಿದ್ದು ಬೌದ್ಧ ದೇವಸ್ಥಾನದ ಊಟದಲ್ಲಿ. ಅಲ್ಲಿನ ಸನ್ಯಾಸಿಗಳು ಮಾಂಸ, ಮೀನು ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು. ಟೆಂಪಲ್ ಸ್ಟೇ ಅಂತ ಒಂದು ರಾತ್ರಿ ಉಳಿಯಲು ಬಿಡುತ್ತಾರೆ. ತಾವರೆ ಬೇರಿನ ಪಲ್ಯ, ತೋಫು, ಕಾಡುಸೊಪ್ಪು, ಅನ್ನ. ಬಟ್ಟಲಲ್ಲಿ ಒಂದು ಅಗುಳೂ ಬಿಡಬಾರದು. ನನ್ನ ಇಡೀ ಟ್ರಿಪ್‌ನಲ್ಲಿ ಯಾರನ್ನೂ ಏನೂ ಕೇಳದೆ ಧೈರ್ಯವಾಗಿ ಉಂಡದ್ದು ಅಲ್ಲಿ ಮಾತ್ರ. ಬೀದಿಯಲ್ಲಿ ಹೊತ್ತೊಕ್ ಸಿಗುತ್ತದೆ, ನಮ್ಮ ಬೆಲ್ಲದ ಹೋಳಿಗೆ ಥರ ಒಳಗೆ ಸಿಹಿ. ಬುಸಾನ್‌ನಲ್ಲಿ ಅದರೊಳಗೆ ಬೀಜಗಳನ್ನು ತುಂಬಿ ಕೊಡುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆ ಇದೆಯಾ ಅಂತ ಪ್ರತಿ ಗಾಡಿಯಲ್ಲೂ ಕೇಳಿಯೇ ತಗೊಳ್ಳಿ.

ಪುತ್ತೂರಿನವಳು
ಊಟ, ವೀಸಾ ಎಲ್ಲ ಹೇಗೋ ಆಗುತ್ತದೆ. ಜೊತೆಗೆ ಬರುವವಳ ಬಗ್ಗೆ ಯೋಚನೆ ಮಾಡಿ. ನಾನು ಕಾಲೇಜಿನ ಗೆಳತಿ ಜೊತೆ ಹೋದೆ. ಬಸ್ಸು, ಮೆಟ್ರೋಗೆ ಬೇಕಾದ ಟಿಮನಿ ಕಾರ್ಡಿಗೆ ಹಣ ಹಾಕುವ ಮೆಷಿನ್ ನೋಟು ಮಾತ್ರ ತಗೊಳ್ಳುತ್ತಿತ್ತು, ಅವಳ ಹತ್ತಿರ ನಗದೇ ಇಲ್ಲ. ಸರಿ, ನಾನೇ ಹಾಕಿದೆ. ಬುಸಾನ್‌ಗೆ ಹೋಗುವ ಫಾಸ್ಟ್ ರೈಲು ಕೆಟಿಎಕ್ಸ್, ಟಿಕೆಟ್ ಒಬ್ಬರಿಗೆ 59,800 ವಾನ್. ಅವಳ ಕಾರ್ಡ್ ನಡೆಯಲಿಲ್ಲ, ಎರಡೂ ನಾನೇ ತೆಗೆದೆ. ಬರುವಾಗಲೂ ಹಾಗೇ. ಸಿಯೋಲ್‌ನ ಶಾಪಿಂಗ್ ಬೀದಿ ಮ್ಯೊಂಗ್‌ಡಾಂಗ್‌ನಲ್ಲಿ ಅದೇ ಕಾರ್ಡ್ ಚೆನ್ನಾಗಿ ನಡೆಯಿತು. ಸೀರಮ್, ಮಾಸ್ಕ್, ಸನ್‌ಸ್ಕ್ರೀನ್ ಎರಡು ಚೀಲ. ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ರಿಫಂಡ್ ಕೂಡ ಅಲ್ಲೇ ತಗೊಂಡಳು. ಚಾಂಗ್‌ಡೊಕ್‌ಗುಂಗ್ ಅರಮನೆಯ ಹಿಂದಿನ ರಹಸ್ಯ ತೋಟಕ್ಕೆ ನನ್ನದು ಬುಕ್ ಆಗಿತ್ತು. ಅದಕ್ಕೆ ಹೊತ್ತು ನಿಗದಿ, ಗೈಡ್ ಜೊತೆಯೇ ಹೋಗಬೇಕು. ಇವಳು ಅಂಗಡಿಯಿಂದ ಹೊರಡಲಿಲ್ಲ, ನಮ್ಮ ಹೊತ್ತು ದಾಟಿತು. ಆ ತೋಟ ನೋಡಬೇಕು ಅಂತಲೇ ನಾನು ಅಷ್ಟು ದೂರ ಹೋಗಿದ್ದು. ಊರಿಗೆ ಬಂದ ಮೇಲೆ ಲೆಕ್ಕ ಕಳಿಸಿದೆ. 23,700 ರೂಪಾಯಿ ಇನ್ನೂ ಬಂದಿಲ್ಲ.

ಮಂಡ್ಯದ ಪಯಣಿಗ
ಗೆಳೆತನದಲ್ಲಿ ಸೀರಮ್ ಲೆಕ್ಕ ಎಲ್ಲ ಇಡುತ್ತಾರಾ? ಅಷ್ಟು ದೂರ ಕರೆದುಕೊಂಡು ಹೋಗಿ ಬಂದು ಬಿಲ್ ಕಳಿಸಿದರೆ ಯಾರಿಗೆ ತಾನೇ ಬೇಜಾರಾಗಲ್ಲ?

ಪುತ್ತೂರಿನವಳು
ಸೀರಮ್ ಅವಳೇ ತಗೊಂಡದ್ದು, ಅದರ ಲೆಕ್ಕ ನಾನು ಕೇಳಿಲ್ಲ. ಸರಿಯಾಗಿ ಓದಿ. ನಾನು ಕೇಳಿದ್ದು ರೈಲು, ರೂಮು. ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡು ಅದು.

ಹಾಸನದ ಮೇಷ್ಟ್ರು
ಜಗಳ ಬಿಡಿ. ಸಿಯೋಲ್ ಒಂದೇ ನೋಡಿ ಬಂದರೆ ಕೊರಿಯಾ ನೋಡಿದಂತಲ್ಲ, ಗ್ಯೋಂಗ್ಜುಗೆ ಹೋಗಿ. ಹಿಂದಿನ ಕಾಲದ ಸಿಲ್ಲಾ ರಾಜ್ಯದ ರಾಜಧಾನಿ ಅದು. ಊರ ನಡುವೆಯೇ ಹುಲ್ಲು ಬೆಳೆದ ದೊಡ್ಡ ದೊಡ್ಡ ಸಮಾಧಿ ದಿಬ್ಬಗಳು, ಸಂಜೆ ದೀಪ ಹಾಕುತ್ತಾರೆ. ಬುಲ್ಗುಕ್ಸಾ ದೇವಾಲಯ, ಸೊಕ್ಕುರಾಂ ಗುಹೆ ಎರಡೂ 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಸೊಕ್ಕುರಾಂ ಬುದ್ಧನನ್ನು ಗಾಜಿನ ಆಚೆಯಿಂದಲೇ ನೋಡಬೇಕು. ಗ್ರಾನೈಟ್ ಕಲ್ಲು. ನಮ್ಮ ಹಳೇಬೀಡಿನ ಬಳಪದ ಕಲ್ಲಿನಷ್ಟು ಮೆದು ಅಲ್ಲ, ಆದರೂ ಮುಖ ಎಷ್ಟು ನಯವಾಗಿದೆ ಅಂದರೆ ನಾನು ಅಲ್ಲಿಂದ ಕದಲಲಿಲ್ಲ. ಕೆಟಿಎಕ್ಸ್ ಸ್ಟೇಷನ್ ಊರಿಂದ ಹೊರಗಿದೆ, ಅಲ್ಲಿಂದ ಬಸ್ಸು ಹಿಡಿಯಬೇಕು. ಬುಸಾನ್‌ಗೆ ಹೋಗಲು ಊರ ಟರ್ಮಿನಲ್ಲಿಂದಲೇ ಬಸ್ಸಿದೆ, ಒಂದು ಗಂಟೆ ದಾರಿ.

ಬುಸಾನ್ ಪಕ್ಕದ ಗಿಮ್ಹೆ ಬಿಡಬೇಡಿ. ನಮ್ಮ ಅಯೋಧ್ಯೆಯ ರಾಜಕುಮಾರಿ ಸಮುದ್ರ ದಾಟಿ ಹೋಗಿ ಅಲ್ಲಿನ ಸುರೋ ರಾಜನನ್ನು ಮದುವೆಯಾದಳು. ಅವಳ ಸಮಾಧಿ ಅಲ್ಲಿದೆ.

ಧಾರವಾಡ ಇತಿಹಾಸ
ಮೇಷ್ಟ್ರೇ, ಅದು ಐತಿಹ್ಯ. ಮದುವೆ ನಡೆದದ್ದು ಕ್ರಿ.ಶ. 48 ಅನ್ನುತ್ತಾರೆ, ಆ ಕಥೆ ಇರುವ ಗ್ರಂಥ 13ನೇ ಶತಮಾನದ್ದು. ಅದರಲ್ಲಿ ಬರುವ ಊರು ಅಯೋಧ್ಯೆಯೇ ಅನ್ನುವುದರಲ್ಲೂ ಒಮ್ಮತ ಇಲ್ಲ. ತಮಿಳು ನಾಡಿನ ಕಡೆಯವಳು ಅನ್ನುವವರೂ ಇದ್ದಾರೆ. ಮಕ್ಕಳಿಗೆ ಪಾಠ ಹೇಳುವವರು ಹೀಗೆ ಬರೆಯಬಾರದು.

ಹಾಸನದ ಮೇಷ್ಟ್ರು
ಗಿಮ್ಹೆ ಕಿಮ್ ಮನೆತನದವರು ಇವತ್ತಿಗೂ ಅವಳನ್ನು ತಮ್ಮ ಮೂಲ ತಾಯಿ ಅನ್ನುತ್ತಾರೆ. ಅಯೋಧ್ಯೆಯಲ್ಲಿ 2001ರಲ್ಲಿ ಸ್ಮಾರಕ ಆಯಿತು, ಕೊರಿಯಾದವರು ಬಂದು ಹೂ ಇಡುತ್ತಾರೆ. ನಂಬಿಕೆಗೆ ಬೆಲೆ ಇಲ್ಲವಾ?

ಧಾರವಾಡ ಇತಿಹಾಸ
ನಂಬಿಕೆ ಅಂತಲೇ ಬರೆಯಿರಿ, ನನ್ನ ತಕರಾರಿಲ್ಲ. ಸಮಾಧಿ ನಾನೂ ನೋಡಿದ್ದೇನೆ. ಬುಸಾನ್‌ನಿಂದ ಲೈಟ್ ರೈಲು ಹತ್ತಿದರೆ ಆಯಿತು. ಅವಳು ಹಡಗಿನಲ್ಲಿ ತಂದಳು ಅನ್ನುವ ಕಲ್ಲಿನ ಪಗೋಡವೂ ಗಿಮ್ಹೆಯಲ್ಲೇ ಇದೆ.

ಶಿವಮೊಗ್ಗದ ಹುಡುಗಿ
ತುಂಬಾ ಥ್ಯಾಂಕ್ಸ್. ನನಗೆ 24 ವರ್ಷ. ಉಡುಪಿ ಅಕ್ಕ, ನಿಮ್ಮ ಉತ್ತರ ಗೆಳತಿಗೆ ಕಳಿಸಿದೆ. ಚೆರಿ ಹೂವು ಇರುತ್ತದಾ? ಇಬ್ಬರಿಗೆ ರೈಲು ಪಾಸ್ ಲಾಭವಾ?

ವಿಜಯನಗರದವನು
ಏಪ್ರಿಲ್ ಮಧ್ಯಕ್ಕೆ ಸಿಯೋಲ್‌ನಲ್ಲಿ ಹೂವು ಉದುರುತ್ತಿರುತ್ತದೆ. ಬುಸಾನ್‌ನಲ್ಲಿ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ಹೂವೇ ಮುಖ್ಯ ಅಂದರೆ ಮೊದಲ ವಾರಕ್ಕೆ ಹಾಕಿ. ಪಾಸ್‌ನಲ್ಲಿ ಇಬ್ಬರಿಂದ ಐವರಿಗೆ ಅಂತ ಕಡಿಮೆ ದರದ್ದು ಬೇರೆ ಇದೆ. ಬುಸಾನ್ ಹೋಗಿ ಬರುವುದಕ್ಕೆ ಒಬ್ಬರಿಗೆ 1,19,600 ವಾನ್. ಪಾಸ್ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ತಗೊಳ್ಳಿ. ಮಂಗಳವಾರ ಗ್ಯೋಂಗ್‌ಬೊಕ್‌ಗುಂಗ್ ರಜೆ, ಸೋಮವಾರ ಚಾಂಗ್‌ಡೊಕ್‌ಗುಂಗ್ ರಜೆ.

ಜಯನಗರ ಗೃಹಿಣಿ
ಪ್ಯಾಕೇಜ್‌ನವರಿಗೆ ಈ ರಜೆ ದಿನ ಎಲ್ಲ ಮೊದಲೇ ಗೊತ್ತಿರುತ್ತದೆ. ಅದನ್ನೇ ನಾನು ಹೇಳಿದ್ದು.

ಪುತ್ತೂರಿನವಳು
ತಂಗಿ, ಕೆಟಿಎಕ್ಸ್ ಟಿಕೆಟ್ ನಿನ್ನದು ನೀನು, ಅವಳದು ಅವಳು ತೆಗೆಯಿರಿ. ಹೊರಡುವ ಮುಂಚೆ ಅವಳ ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಆಗಿದೆಯಾ ಅಂತ ಕೂರಿಸಿಕೊಂಡು ನೋಡು. ಇಬ್ಬರ ಹತ್ತಿರವೂ ವಾನ್ ನೋಟು ಇರಲಿ.