‘ಗುರುತು ಹಾಕು’ ಅಂದರೆ ಅಗೆ ಅಂತಲೋ, ಅಗೆಯಬೇಡ ಅಂತಲೋ?

ನಮ್ಮ ಬೀದಿಯಲ್ಲಿ ಕೇಬಲ್ ಹಾಕಲು ಅಗೆಯುವವರಿದ್ದರು. ಹಿಂದಿನ ದಿನ ಯಾರೋ ಬಂದು ರಸ್ತೆ ಪಕ್ಕ ಉದ್ದಕ್ಕೂ ನೀಲಿ ಗೆರೆ ಎಳೆದು ಹೋಗಿದ್ದರು. ಕೆಳಗೆ ನೀರಿನ ಪೈಪಿದೆ ಎಂದು ಅದರ ಅರ್ಥ. ಬೆಳಿಗ್ಗೆ ಜೆಸಿಬಿಯವನು ಸರಿಯಾಗಿ ಆ ಗೆರೆಯ ಮೇಲೇ ಬಕೆಟ್ ಇಳಿಸಿದ. ಸ್ವಲ್ಪ ಹೊತ್ತಿಗೆ ಬೀದಿ ತುಂಬ ನೀರು. ಮೇಸ್ತ್ರಿಯನ್ನು ಕೇಳಿದರೆ, “ಗುರುತು ಹಾಕಿತ್ತಲ್ಲ ಸಾರ್, ಅಲ್ಲೇ ಅಗೆದ್ವಿ” ಅಂದರು.

ತಪ್ಪು ಪೂರ್ತಿ ಅವರದಲ್ಲ ಅನಿಸಿತು. ಇಲ್ಲಿ ಅಗೆಯಿರಿ ಅನ್ನುವುದೂ ಗುರುತೇ, ಇಲ್ಲಿ ಕೈ ಹಾಕಬೇಡಿ ಅನ್ನುವುದೂ ಗುರುತೇ. ಎರಡಕ್ಕೂ ಬೇರೆ ಬೇರೆ ಪದ ಬೇಕಲ್ವಾ?

ಮೊದಲನೆಯದಕ್ಕೆ ಪದ ಆಗಲೇ ಇದೆ. ಪಾಯ ತೆಗೆಯುವ ಮುಂಚೆ ಗೂಟ ಹೊಡೆದು, ದಾರ ಕಟ್ಟಿ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತಾರೆ. ‘ಸುಣ್ಣ ಹಾಕಿದ್ದಾಯ್ತಾ?’ ಎಂದರೆ ಸೈಟಿನಲ್ಲಿ ಬೇರೆ ವಿವರಣೆ ಬೇಕಿಲ್ಲ. ತಮಾಷೆ ಅಂದರೆ ಅಮೆರಿಕದಲ್ಲೂ ಅಗೆಯುವವರ ಬಣ್ಣ ಬಿಳಿಯೇ. ಅಲ್ಲಿ ಅಗೆಯುವ ಮೊದಲು 811 ಅನ್ನುವ ಸಹಾಯವಾಣಿಗೆ ಫೋನ್ ಮಾಡಬೇಕು. ಆಮೇಲೆ ಕೆಳಗೇನಿದೆ ಎಂದು ತೋರಿಸುವ ಬೇರೆ ಬಣ್ಣಗಳು ಬೀಳುತ್ತವೆ: ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ಫೋನು-ಇಂಟರ್ನೆಟ್ಟಿಗೆ ಕಿತ್ತಳೆ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು. ನಮ್ಮ ದೇಶದಲ್ಲೂ 2023ರ ಮಾರ್ಚಿನಲ್ಲಿ ಅಗೆಯುವ ಮುಂಚೆ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು. ಹೆಸರೇ ಇಂಗ್ಲಿಷು, ಅಲ್ಲಿ ಕನ್ನಡ ಪದ ಹುಡುಕಿ ಲಾಭವಿಲ್ಲ.

ತೊಡಕಿರುವುದು ಎರಡನೆಯದರಲ್ಲಿ, ‘ಕೈ ಹಾಕಬೇಡಿ’ ಅನ್ನುವ ಗುರುತಿನಲ್ಲಿ. ‘ಹದ್ದುಬಸ್ತು’ ಹೊಳೆಯಿತು. ಅರಬ್ಬಿಯ ‘ಹದ್’ ಅಂದರೆ ಎಲ್ಲೆ, ಪಾರಸಿಯ ‘ಬಸ್ತ್’ ಅಂದರೆ ಕಟ್ಟಿದ್ದು. ಒಳ್ಳೆಯ ಪದವೇ. ಆದರೆ ಸರ್ವೆಯವರು ಅದನ್ನು ಜಮೀನಿನ ಗಡಿಗೆ ಇಟ್ಟುಕೊಂಡಿದ್ದಾರೆ. ಮನೆಗಳಲ್ಲಿ ‘ಹದ್ದುಬಸ್ತಿನಲ್ಲಿಡು’ ಅಂದರೆ ಮಗನ ಕಿವಿ ಹಿಂಡು ಅಂತ. ಇಂಗ್ಲಿಷಿನ ‘ಯುಟಿಲಿಟಿ’ಯನ್ನು ಪದಕ್ಕೆ ಪದ ಇಳಿಸಿದ ‘ಭೂಗತ ಉಪಯುಕ್ತತೆಗಳ ಗುರುತಿಸುವಿಕೆ’ ಅಂತೂ ಬೇಡ, ಓದಿ ಮುಗಿಸುವಷ್ಟರಲ್ಲಿ ಪೈಪ್ ಒಡೆದಿರುತ್ತದೆ. ಕೆಲಸದವರು ‘ಕೆಳಗೆ ಲೈನ್ ಐತೆ’ ಅಂತಾರೆ. ಹಾಗಾದರೆ ‘ಲೈನ್ ಗುರುತು’ ಅನ್ನೋಣವೇ ಎಂದರೆ, ಸುಣ್ಣದ ಗೆರೆಗೂ ಲೈನ್ ಅಂತಲೇ ಅನ್ನುತ್ತಾರಲ್ಲ!

ಸದ್ಯಕ್ಕೆ ನಾನು ‘ಬಣ್ಣ ಹಾಕು’ ಅಂತ ಇಟ್ಟುಕೊಂಡಿದ್ದೇನೆ. ಸುಣ್ಣ ಕಂಡಲ್ಲಿ ಅಗೆ, ಬಣ್ಣ ಕಂಡಲ್ಲಿ ಜೆಸಿಬಿ ನಿಲ್ಲಿಸಿ ಕೈಯಲ್ಲಿ ಮಣ್ಣು ಬಿಡಿಸು. ‘ಸುಣ್ಣಬಣ್ಣ’ ಹೇಗೂ ನಮ್ಮ ಜೋಡಿಪದ, ಗೋಡೆಯಿಂದ ನೆಲಕ್ಕೆ ಇಳಿಸಬೇಕಷ್ಟೆ. ಮೇಸ್ತ್ರಿಗೆ ಹೇಳಿದರೆ ನಕ್ಕು, “ಮನೆಗೆ ಪೇಂಟಿಂಗಾ ಸಾರ್?” ಅಂದರು. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಇದಕ್ಕೆ ಬೇರೆ ಮಾತಿದೆಯಾ? ಪೈಪ್ ಕೆಲಸದವರ ಬಾಯಲ್ಲಿ ಕೇಳಿದ್ದರೆ ಇನ್ನೂ ಒಳ್ಳೆಯದು.