ಸಹಾಯ ಬೇಕು: ಅಮೆರಿಕದ ಯೂಟಾ ಕಣಿವೆಯೊಳಗೆ ಆರ್‌ವಿ, ರಾತ್ರಿ ವಿಡಿಯೋ ಕಾಲ್ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಬಾಡಿಗೆ ಆರ್‌ವಿ (ಒಳಗೇ ಉಳಿಯಬಹುದಾದ ಮನೆಯಂಥ ವಾಹನ) ತಗೊಂಡು ಝಯಾನ್, ಬ್ರೈಸ್ ಪಾರ್ಕ್ ನೋಡಿ, ಹೈವೇ 12 ಹಿಡಿದು ಕ್ಯಾಪಿಟಲ್ ರೀಫ್ ಪಾರ್ಕಿಗೆ ಹೋಗುತ್ತಿದ್ದೇವೆ. ಮೈಸೂರಿನಲ್ಲಿ ಅಪ್ಪನಿಗೆ ಈಗಷ್ಟೇ ಆಪರೇಷನ್ ಆಗಿದೆ. ಅಲ್ಲಿ ಬೆಳಿಗ್ಗೆ 8 ಗಂಟೆಗೆ, ಅಂದರೆ ಯೂಟಾದಲ್ಲಿ ಹಿಂದಿನ ರಾತ್ರಿ 8.30ಕ್ಕೆ, ಅಮ್ಮ ವಿಡಿಯೋ ಕಾಲ್ ಮಾಡುತ್ತಾರೆ. ಅದೊಂದು ತಪ್ಪಬಾರದು.

ಕಳೆದ ವರ್ಷ ಕ್ಯಾಪಿಟಲ್ ರೀಫ್ ಒಳಗಿನ ಫ್ರೂಟಾ ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ಸಿಮ್ ಇದ್ದರೂ ಒಂದು ಕಡ್ಡಿ ಸಿಗ್ನಲ್ ಸಿಗಲಿಲ್ಲ. ಬೂಸ್ಟರ್ ಹಾಕಿದರೂ ಅಷ್ಟೇ. ಇರುವ ಸಿಗ್ನಲ್ಲನ್ನು ಅದು ಹೆಚ್ಚಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಹಾಗಾಗಿ ಈ ಸಲ ಸ್ಯಾಟಲೈಟ್ ಇಂಟರ್ನೆಟ್ ಡಿಶ್ ತಗೊಂಡೆ. ಮನೆ ಹಿತ್ತಲಲ್ಲಿ ಇಟ್ಟು ನೋಡಿದೆ. ಮೇಪಲ್ ಕೊಂಬೆ ಅಡ್ಡ ಬಂದಾಗಲೆಲ್ಲ ಅಮ್ಮನ ಮುಖ ಹಾಗೇ ನಿಂತುಬಿಡುತ್ತಿತ್ತು, ಕೈಯಲ್ಲಿ ಕಾಫಿ ಲೋಟ ಹಿಡಿದಂತೆ. ಫ್ರೂಟಾದಲ್ಲಿ ಸುತ್ತ ಕೆಂಪು ಬಂಡೆ, ತಲೆ ಮೇಲೆ ದೊಡ್ಡ ಕಾಟನ್‌ವುಡ್ ಮರಗಳು. ಆಕಾಶ ಕಾಣುವುದೇ ಕಡಿಮೆ.

ಕರೆಂಟಿನದು ಇನ್ನೊಂದು ಚಿಂತೆ. ಅಲ್ಲಿ ಹುಕಪ್ (ಆರ್‌ವಿಗೆ ಕರೆಂಟ್, ನೀರಿನ ಸಂಪರ್ಕ) ಇಲ್ಲ. ನಮ್ಮದು 12 ವೋಲ್ಟಿನ 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿ. ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಅಂದರೆ ಸುಮಾರು 600 ವ್ಯಾಟ್-ಅವರ್. ರಾತ್ರಿ ಚಳಿ, ಮಗಳು ಚಿಕ್ಕವಳು, ಡಿಶ್ ಜೊತೆಗೆ ಹೀಟರ್ ಫ್ಯಾನ್ ಕೂಡ ಅದರಲ್ಲೇ ಓಡಲೇಬೇಕು ಅಲ್ವಾ?

ಫ್ರೂಟಾದಲ್ಲಿ ಡಿಶ್ ಇಟ್ಟು ಅರ್ಧ ಗಂಟೆ ಕಾಲ್ ಮಾಡಿದವರು ಯಾರಾದರೂ ಇದ್ದೀರಾ? ಯಾವ ಕಡೆಯ ಜಾಗದಲ್ಲಿ ಆಕಾಶ ತೆರೆದಿದೆ? ಅಥವಾ ಅದನ್ನು ಬಿಟ್ಟು, ಹುಕಪ್ ಸಿಗುವ ಟೋರಿ ಊರಿನಲ್ಲೇ ಉಳಿದು ಹಗಲು ಪಾರ್ಕಿಗೆ ಹೋಗಿ ಬರುವುದು ಒಳ್ಳೆಯದಾ?